ಶುಕ್ರವಾರ ರಾತ್ರಿಯ ವರ್ಮಾ

2025ರ ಅಕ್ಟೋಬರ್ 25ರಂದು ನಟ ಸತೀಶ್ ಶಾ ತೀರಿಕೊಂಡ ಸುದ್ದಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಮಗಳು ಮೊಬೈಲ್ ಹಿಡಿದುಕೊಂಡು ಬಂದು ತೋರಿಸಿದಳು. ಅವಳ ವಯಸ್ಸಿನವರಿಗೆ ಆತ 'ಸಾರಾಭಾಯಿ ವರ್ಸಸ್ ಸಾರಾಭಾಯಿ'ಯ ಇಂದ್ರವದನ. ಅದು ಪ್ರಸಾರವಾದದ್ದು 2004ರಲ್ಲಿ, ಆಗಿನ್ನೂ ಅವಳು ಹುಟ್ಟಿರಲಿಲ್ಲ. ಈಗಿನ ಮಕ್ಕಳು ಎಲ್ಲವನ್ನೂ ಮೊಬೈಲಿನಲ್ಲಿಯೇ ನೋಡಿ ಮುಗಿಸಿರುತ್ತಾರೆ. ಕೈ ಒರೆಸಿಕೊಂಡು ಹೊರಗಿನ ಕೋಣೆಗೆ ಹೋಗಿ ಅಬ್ಬಾನಿಗೆ ವಿಷಯ ತಿಳಿಸಿದೆ. ಅಬ್ಬಾನಿಗೆ ಈಗ 84 ವರ್ಷ. ಕಿವಿ ಮಂದ. ಎರಡು ಸಲ ಹೇಳಿದ ಮೇಲೆ ಅರ್ಥವಾಯಿತು.

"ಶಫಿ ಕೇ ಘರ್ ಕೂ ಆತಾ ಥಾ ನೈ ಕ್ಯಾ, ವೋ?" ಎಂದು ಕೇಳಿದರು.

ಶಫಿಯ ಮನೆಗೆ ಬರುತ್ತಿದ್ದನಲ್ಲ, ಅವನಾ? ಯಾರೋ ನೆರೆಯವನ ಮನೆಗೆ ಬಂದು ಹೋಗುತ್ತಿದ್ದ ಅತಿಥಿಯನ್ನು ನೆನಪಿಸಿಕೊಳ್ಳುವ ಹಾಗೆ ಕೇಳಿದರು. ನಾನು ಹೌದೆಂದೆ. "ಇನ್ನಾ ಲಿಲ್ಲಾಹಿ" ಎಂದು ಮೆಲ್ಲಗೆ ಹೇಳಿ, ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡುತ್ತ ಕೂತರು. ಮಗಳಿಗೆ ಏನೂ ತಿಳಿಯಲಿಲ್ಲ. "ಶಫಿ ಯಾರು ಅಮ್ಮೀ? ನಮ್ಮ ಸಂಬಂಧಿಕರಾ?" ಎಂದಳು. ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ನೆಟ್ಟಗೆ ಉತ್ತರ ಕೊಡಲು ನನಗಾಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಗುಲ್ಬರ್ಗಾದಲ್ಲಿ. ಈಗ ಕಲಬುರಗಿ ಎನ್ನಬೇಕು, ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ನಮ್ಮ ಊರಿಗೆ ಟಿ.ವಿ.ಯ ವಿಷಯದಲ್ಲಿ ಒಂದು ಸಣ್ಣ ಹೆಮ್ಮೆ ಇದೆ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ಕಡೆಯ ಜಿಲ್ಲೆಗಳನ್ನೇ. ಅದು ಮುಗಿದ ಮೇಲೆ 1977ರಲ್ಲಿಯೇ ಗುಲ್ಬರ್ಗಾದಲ್ಲಿ ದೂರದರ್ಶನದ ಕೇಂದ್ರ ಬಂತು. ಬೆಂಗಳೂರಿಗಿಂತ ಮೊದಲು! ಆದರೆ ಕೇಂದ್ರ ಬಂದ ಮಾತ್ರಕ್ಕೆ ಮನೆಗೆ ಟಿ.ವಿ. ಬರುವುದಿಲ್ಲವಲ್ಲ. ಅಬ್ಬಾ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಂಬಳ ಬರುವ ಮೊದಲೇ ಅದಕ್ಕೆ ಲೆಕ್ಕ ಬರೆದಿಟ್ಟಿರುತ್ತಿದ್ದರು. ಆ ಲೆಕ್ಕದಲ್ಲಿ ಟಿ.ವಿ. ಇರಲಿಲ್ಲ.

ಟಿ.ವಿ. ಇದ್ದದ್ದು ಪಕ್ಕದ ಮನೆಯಲ್ಲಿ. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರು, ಲಿಂಗಾಯತರು. ನಾವು ಮಕ್ಕಳು ಅವರನ್ನು ಮಾಸ್ತರ್ ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆವು. 1984ರಲ್ಲಿ ನನಗೆ ಏಳು ವರ್ಷ. ಉರ್ದು ಶಾಲೆಗೆ ಹೋಗುತ್ತಿದ್ದೆ. ಆ ವರ್ಷ ದೂರದರ್ಶನದಲ್ಲಿ 'ಹಮ್ ಲೋಗ್' ಆರಂಭವಾಯಿತು. ಅದು ಅಳಿಸುವ ಧಾರಾವಾಹಿ. ಅದೇ ವರ್ಷ 'ಯೇ ಜೋ ಹೈ ಜಿಂದಗಿ'ಯೂ ಬಂತು. ಅದು ನಗಿಸುವುದು, ಶುಕ್ರವಾರ ರಾತ್ರಿ ಬರುತ್ತಿತ್ತು. ಶೀರ್ಷಿಕೆಯ ಹಾಡಿಗೆ ಕಿಶೋರ್ ಕುಮಾರ್ ಅವರ ದನಿ. ಅದು ಕೇಳಿಸಿದ ಕೂಡಲೇ ಕಾಕಾ ಅಂಗಳದ ಗೋಡೆಯ ಮೇಲಿಂದ ಕೂಗುತ್ತಿದ್ದರು. "ಬರ್ರಿ ಸಾಹೇಬ್ರ, ವರ್ಮಾ ಬಂದ ನೋಡ್ರಿ!"

ಅಬ್ಬಾ ಇಶಾ ನಮಾಜು ಮುಗಿಸಿ, ಟೋಪಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಹಿಂದೆ ನಾನು, ನನ್ನ ಅಕ್ಕ. ಅಮ್ಮಿ ಕಾಕುವಿನ ಜೊತೆ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದರು. ದಾದಿಯೂ ಬರುತ್ತಿದ್ದರು. ಆದರೆ ಟಿ.ವಿ. ಎಂದರೆ ಶೈತಾನನ ಡಬ್ಬಿ ಎಂದು ಮೊಹಲ್ಲಾದ ಹಿರಿಯರೊಬ್ಬರು ಹೇಳಿದ್ದರಿಂದ ಡಬ್ಬಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮಾತು ಕೇಳಿ ನಗುತ್ತಿದ್ದರು. ನಗಲು ಅಡ್ಡಿಯಿಲ್ಲ, ನೋಡಬಾರದು ಅಷ್ಟೆ. ಆ ಧಾರಾವಾಹಿಯನ್ನು ಗೋಡೆ ನೋಡುತ್ತ ಪೂರ್ತಿ ಕೇಳಿದವರು ಈ ದೇಶದಲ್ಲಿ ನಮ್ಮ ದಾದಿ ಒಬ್ಬರೇ ಇರಬೇಕು.

ಕಥೆ ಎನ್ನುವಂಥದ್ದು ಏನೂ ಇರಲಿಲ್ಲ. ಮುಂಬೈಯ ಒಂದು ಮನೆ. ಗಂಡ ರಂಜಿತ್ ವರ್ಮಾ, ಹೆಂಡತಿ ರೇಣು. ರೇಣುವಿನ ತಮ್ಮ ರಾಜಾ ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಬಿದ್ದುಕೊಂಡಿರುವವನು. ಆಫೀಸಿನಲ್ಲಿ ಕೂಗಾಡುವ ಬಾಸ್. ಪ್ರತಿ ವಾರ ಯಾರೋ ಒಬ್ಬರು ಬಂದು ಮನೆಯನ್ನು ತಲೆಕೆಳಗು ಮಾಡಿ ಹೋಗುತ್ತಿದ್ದರು. ಸಾಮಾನ್ಯವಾಗಿ ಅದು ಸತೀಶ್ ಶಾ. ಒಂದು ವಾರ ಒಂದು ವೇಷವಾದರೆ ಮುಂದಿನ ವಾರ ಇನ್ನೊಂದು. ಬರೆಯುತ್ತಿದ್ದವರು ಹಿಂದಿಯ ಹಾಸ್ಯ ಲೇಖಕ ಶರದ್ ಜೋಶಿ. ನಿರ್ದೇಶಕರಲ್ಲಿ ಒಬ್ಬರು 'ಜಾನೇ ಭಿ ದೋ ಯಾರೋ' ಮಾಡಿದ ಕುಂದನ್ ಶಾ. ರೇಣುವಾಗಿದ್ದ ಸ್ವರೂಪ್ ಸಂಪತ್ ಹಿಂದೆ ಮಿಸ್ ಇಂಡಿಯಾ ಆಗಿದ್ದವರು. ರಾಜಾ ಆಗಿದ್ದವರು ರಾಕೇಶ್ ಬೇಡಿ, ಬಾಸ್ ಆಗಿದ್ದವರು ಟೀಕು ತಲ್ಸಾನಿಯಾ. ಇದೆಲ್ಲ ನನಗೆ ಬಹಳ ಆಮೇಲೆ ಗೊತ್ತಾದದ್ದು. ಆಗ ಅವರೆಲ್ಲ ರಾಜಾ, ರೇಣು, ಬಾಸ್, ಅಷ್ಟೆ.

ನನಗೆ ಧಾರಾವಾಹಿಗಿಂತ ಹೆಚ್ಚು ನೆನಪಿರುವುದು ಅಬ್ಬಾ ನಗುತ್ತಿದ್ದದ್ದು. ನಮ್ಮ ಅಬ್ಬಾ ಮನೆಯಲ್ಲಿ ನಗುವವರಲ್ಲ. ಕೆಟ್ಟವರೂ ಅಲ್ಲ, ಒಂದು ದಿನ ಕೈ ಎತ್ತಿದವರಲ್ಲ. ಆದರೆ ಕಚೇರಿಯಿಂದ ಬಂದ ಮೇಲೆ ಮುಖವನ್ನು ಬೀರುವಿನ ಬಾಗಿಲಿನ ಹಾಗೆ ಮುಚ್ಚಿಕೊಂಡುಬಿಡುತ್ತಿದ್ದರು. ಕಚೇರಿಯಲ್ಲಿ ಅವರ ಮೇಲಧಿಕಾರಿಯೊಬ್ಬರು ಇದ್ದರಂತೆ, ಅವರು ಮಾತನಾಡುವುದೇ ಇಲ್ಲ, ಕೂಗುವುದೇ ಎಂದು ಅಮ್ಮಿ ಹೇಳುತ್ತಿದ್ದರು. ಟಿ.ವಿ.ಯ ಬಾಸ್ ಕೂಗಿದಾಗ ವರ್ಮಾ ಏನನ್ನೂ ಹೇಳದೆ, ಕಣ್ಣನ್ನು ಮಾತ್ರ ಒಂದು ಸಲ ಆಚೆ ಈಚೆ ಹೊರಳಿಸಿ ನಿಲ್ಲುತ್ತಿದ್ದ. ಆಗ ಅಬ್ಬಾ ನಗುತ್ತಿದ್ದರು. ಮೊದಲು ಭುಜ ಅಲುಗುತ್ತಿತ್ತು, ಆಮೇಲೆ ಸದ್ದು ಹೊರಡುತ್ತಿತ್ತು, ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಮತ್ತು ಅಕ್ಕ ಟಿ.ವಿ. ಬಿಟ್ಟು ಅವರನ್ನೇ ನೋಡುತ್ತಿದ್ದೆವು. ಶುಕ್ರವಾರ ರಾತ್ರಿ ಮಾತ್ರ ನಮಗೆ ಆ ಅಬ್ಬಾ ಸಿಗುತ್ತಿದ್ದರು.

ಸುಮಾರು ತಿಂಗಳುಗಳ ಕಾಲ ವರ್ಮಾ ನಮಗೆ ವರ್ಮಾನೇ ಆಗಿದ್ದ. ಕೊನೆಯಲ್ಲಿ ಬರುವ ಹೆಸರುಗಳನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಒಂದು ಸಲ ಹೈದರಾಬಾದಿನಿಂದ ನನ್ನ ಚಾಚಾ ಬಂದಾಗ ದಾರಿಯಲ್ಲಿ ಓದಲು ತಂದಿದ್ದ ಉರ್ದು ಪತ್ರಿಕೆಯಲ್ಲಿ ವರ್ಮಾನ ಫೋಟೋ ಇತ್ತು. ಕೆಳಗೆ ಹೆಸರು. ನಾನೇ ಮೊದಲು ಕೂಡಿಸಿ ಓದಿದ್ದು. ಶೀನ್, ಫೇ, ಯಾ, ಐನ್... ಶಫೀ. ಶಫೀ ಇನಾಮ್‌ದಾರ್. ಓಡಿಹೋಗಿ ಅಬ್ಬಾನಿಗೆ ತೋರಿಸಿದೆ. ಅಬ್ಬಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಆದರೆ ಪತ್ರಿಕೆಯನ್ನು ಚಾಚಾನಿಗೆ ವಾಪಸು ಕೊಡಲಿಲ್ಲ.

ದಾದಿಗೆ ಇದು ದೊಡ್ಡ ಸಮಸ್ಯೆಯಾಯಿತು. "ಹಾಗಾದರೆ ರೇಣು?" ಎಂದರು. ಅವಳ ಹೆಸರು ಬೇರೆ, ಅವಳು ನಿಜವಾದ ಹೆಂಡತಿಯಲ್ಲ ಎಂದು ಅಕ್ಕ ವಿವರಿಸಿದಳು. "ನಿಕಾಹ್ ಆಗದೆ ಒಂದೇ ಮನೆಯಲ್ಲಿ ಇದ್ದಾರಾ?" ಅದು ಮನೆಯಲ್ಲ ದಾದೀ, ಸೆಟ್ಟು ಎಂದಳು ಅಕ್ಕ. ಸೆಟ್ಟು ಎಂದರೆ ಏನೆಂದು ಅಕ್ಕನಿಗೂ ಸರಿಯಾಗಿ ಗೊತ್ತಿರಲಿಲ್ಲ. ದಾದಿ ಮುಂದಿನ ಎರಡು ಶುಕ್ರವಾರ ಬರಲಿಲ್ಲ. ಮೂರನೆಯದಕ್ಕೆ ಬಂದರು, ಎಂದಿನಂತೆ ಬೆನ್ನು ಹಾಕಿ ಕೂತರು.

ಅಬ್ಬಾ ಆ ಪತ್ರಿಕೆಯನ್ನು ಮಡಚಿ ಕಾಕಾನ ಮನೆಗೆ ಒಯ್ದಿದ್ದು ನನಗೆ ಚೆನ್ನಾಗಿ ನೆನಪಿದೆ. ಹೆಸರನ್ನು ಓದಿ ಹೇಳಿದರು. ಕಾಕಾ ಸಾಹಿತ್ಯ ಓದಿದ ಮನುಷ್ಯ. "ಇನಾಂದಾರ್ ಅಂದ್ರ ನಮ್ಮ ಕಾದಂಬರಿಕಾರ ವಿ.ಎಂ. ಇನಾಂದಾರರ ಪೈಕಿ ಏನ್ರೀ?" ಎಂದರು. ಇನಾಮು ಭೂಮಿ ಪಡೆದವರೆಲ್ಲ ಇನಾಂದಾರರೇ. ನಮ್ಮ ಕಡೆ ಆ ಅಡ್ಡಹೆಸರು ಬ್ರಾಹ್ಮಣರಲ್ಲಿದೆ, ಲಿಂಗಾಯತರಲ್ಲಿದೆ, ನಮ್ಮಲ್ಲೂ ಇದೆ. ಅಬ್ಬಾ ಮೊದಲ ಹೆಸರನ್ನು ಮತ್ತೊಮ್ಮೆ ಹೇಳಿದರು. ಅಡುಗೆಮನೆಯ ಬಾಗಿಲಿನಿಂದ ಕಾಕು, "ಅಯ್ಯ, ವರ್ಮಾ ನಿಮ್ಮಂವ ಏನ್ರೀ ಅಣ್ಣಾರ?" ಎಂದರು. ಕೊಂಕು ಇರಲಿಲ್ಲ, ಬರೀ ಆಶ್ಚರ್ಯ. ಅಬ್ಬಾ ನಕ್ಕು, "ಬಾಂಬೆಂವ ರೀ ಅಕ್ಕಾ" ಎಂದರು. ಅಷ್ಟರಲ್ಲಿ ಹಾಡು ಶುರುವಾಯಿತು. ಮಾತು ಅಲ್ಲಿಗೇ ನಿಂತಿತು.

ಶಫಿ ಇನಾಂದಾರ್ ಹುಟ್ಟಿದ್ದು ಮುಂಬೈಯಲ್ಲಿ ಅಲ್ಲ, ರತ್ನಾಗಿರಿ ಜಿಲ್ಲೆಯ ದಾಪೋಲಿ ಕಡೆಯ ಒಂದು ಹಳ್ಳಿಯಲ್ಲಿ, 1945ರ ಅಕ್ಟೋಬರ್‌ನಲ್ಲಿ. ಕೊಂಕಣಿ ಮುಸ್ಲಿಮರು. ಓದಿಗಾಗಿ ಮುಂಬೈ ಸೇರಿ, ಅಲ್ಲಿ ನಾಟಕಕ್ಕೆ ಬಿದ್ದವರು. ಮುಂಬೈಯ ರಂಗಭೂಮಿಯಲ್ಲಿ ಒಂದು ಭಾಷೆಯವನಾಗಿದ್ದರೆ ಹೊಟ್ಟೆ ತುಂಬುವುದಿಲ್ಲ. ಅವರು ಹಿಂದಿ, ಮರಾಠಿ, ಗುಜರಾತಿ ಎಲ್ಲದರಲ್ಲೂ ಆಡಿದರು, ಆಡಿಸಿದರು. 'ಹಮ್ ಪ್ರೊಡಕ್ಷನ್ಸ್' ಎಂಬ ಸ್ವಂತ ತಂಡ ಕಟ್ಟಿದರು. ಹೀಗೆ ವರ್ಷಗಟ್ಟಲೆ ರಂಗದ ಮೇಲೆ ದುಡಿದ ಮೇಲೆ ಸಿನಿಮಾದಲ್ಲಿ ಮುಖ ಕಂಡದ್ದು. ರಂಜಿತ್ ವರ್ಮಾ ಆಗುವ ಹೊತ್ತಿಗೆ ವಯಸ್ಸು 39. ಆಗಲೇ ಕೂದಲು ಹಿಂದೆ ಸರಿದಿತ್ತು, ಹೊಟ್ಟೆ ಮುಂದೆ ಬಂದಿತ್ತು. ಹೀರೋ ಆಗುವ ಲಕ್ಷಣ ಒಂದೂ ಇರಲಿಲ್ಲ. ನಮ್ಮ ಮೊಹಲ್ಲಾದ ಯಾವುದೇ ಗಂಡಸಿನ ಹಾಗಿದ್ದರು.

ಇಂಥ ಧಾರಾವಾಹಿಯಲ್ಲಿ ನಗಿಸುವವನಿಗಿಂತ ನಗದೆ ನಿಲ್ಲುವವನ ಕೆಲಸ ಕಷ್ಟದ್ದು ಎಂದು ನನಗೆ ಅನ್ನಿಸಿದ್ದು ಈಚೆಗೆ ಅದನ್ನು ಮತ್ತೆ ನೋಡಿದಾಗ. ಸತೀಶ್ ಶಾ ಹೊಸ ವೇಷ ತೊಟ್ಟು ಬರುತ್ತಾರೆ, ಕುಣಿಯುತ್ತಾರೆ, ಚಪ್ಪಾಳೆ ಅವರಿಗೇ. ಸಲ್ಲಬೇಕಾದದ್ದೂ ಹೌದು. ಆದರೆ ಅವರು ಎಸೆದ ಚೆಂಡು ಬಡಿದು ವಾಪಸು ಬರಲು ಒಂದು ಗೋಡೆ ಬೇಕಲ್ಲ. ವರ್ಮಾ ಆ ಗೋಡೆ. ಅತಿಥಿ ಹುಚ್ಚುಚ್ಚಾಗಿ ಮಾತನಾಡುವಾಗ ವರ್ಮಾ ಅದನ್ನು ಪೂರ್ತಿ ನಂಬಬೇಕು, ಮನೆಯ ಯಜಮಾನನಾಗಿ ಮರ್ಯಾದೆ ಕಾಪಾಡಿಕೊಳ್ಳಬೇಕು, ಒಳಗೊಳಗೇ ಕುದಿಯಬೇಕು. ಅವನು ಒಂದು ಕ್ಷಣ ಮೊದಲೇ ನಕ್ಕುಬಿಟ್ಟರೂ ಇಡೀ ಮನೆ ಸುಳ್ಳಾಗುತ್ತದೆ. ಶಫಿ ಅದನ್ನು ಹುಬ್ಬು ಏರಿಸಿ ಮಾಡುತ್ತಿರಲಿಲ್ಲ, ತಡಮಾಡಿ ಮಾಡುತ್ತಿದ್ದರು. ಉತ್ತರ ಕೊಡುವ ಮೊದಲು ಒಂದು ಉಸಿರಿನಷ್ಟು ನಿಲ್ಲುತ್ತಿದ್ದರು. ಆ ಒಂದು ಉಸಿರಿನಲ್ಲಿ ಅಬ್ಬಾನ ಭುಜ ಅಲುಗುತ್ತಿತ್ತು.

ಟಿ.ವಿ.ಯ ಜನಪ್ರಿಯತೆ ಅವರಿಗೆ ಸಿನಿಮಾದಲ್ಲಿ ಕೆಲಸ ಕೊಟ್ಟಿತು, ದೊಡ್ಡ ಪಾತ್ರ ಕೊಡಲಿಲ್ಲ. ಪೊಲೀಸ್ ಅಧಿಕಾರಿ, ಅಣ್ಣ, ಸ್ನೇಹಿತ, ಕೆಲವೊಮ್ಮೆ ಖಳ. ಒಳ್ಳೆಯದು ಬಂದದ್ದು ವರ್ಮಾನಿಗಿಂತ ಮೊದಲೇ, 1983ರ 'ಅರ್ಧ ಸತ್ಯ'ದಲ್ಲಿ. ಗೋವಿಂದ್ ನಿಹಲಾನಿಯವರ ಸಿನಿಮಾ. ಓಂ ಪುರಿಯವರ ಅನಂತ ವೇಲಣಕರನಿಗೆ ಹಿರಿಯ ಸ್ನೇಹಿತನಾದ ಇನ್‌ಸ್ಪೆಕ್ಟರ್ ಹೈದರ್ ಅಲಿ. ಬಿಸಿರಕ್ತದ ವೇಲಣಕರ್ ಸಿಕ್ಕಿಬಿದ್ದಾಗ, ಮೇಲಿನವರನ್ನು ಹಿಡಿದು ಪಾರಾಗುವ ದಾರಿ ತೋರಿಸುವವನು ಈತನೇ. ಒಳ್ಳೆಯವನು, ಆದರೆ ವ್ಯವಸ್ಥೆಯ ಸಂದುಗೊಂದು ಬಲ್ಲವನು. ನಾನು ಆ ಸಿನಿಮಾ ನೋಡಿದ್ದು ಮದುವೆಯಾದ ಮೇಲೆ. ನೋಡುತ್ತ ಒಂದು ವಿಷಯ ಹೊಳೆಯಿತು. ಈ ಹೈದರ್ ಅಲಿ ಶೇರ್ ಹೇಳುವುದಿಲ್ಲ, ಅತ್ತರು ಹಚ್ಚುವುದಿಲ್ಲ, ತ್ಯಾಗ ಮಾಡಿ ಸಾಯುವುದಿಲ್ಲ, ದ್ರೋಹವನ್ನೂ ಬಗೆಯುವುದಿಲ್ಲ. ಕೆಲಸಕ್ಕೆ ಹೋಗುತ್ತಾನೆ, ಸ್ನೇಹಿತನ ಬಗ್ಗೆ ಚಿಂತೆ ಮಾಡುತ್ತಾನೆ. ಹಿಂದಿ ಸಿನಿಮಾದಲ್ಲಿ ಮುಸ್ಲಿಮನೊಬ್ಬನಿಗೆ ಇಷ್ಟು ಕಡಿಮೆ ಕೆಲಸ ಕೊಟ್ಟದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಇನ್ನೊಂದು ಪಾತ್ರವನ್ನು ಬಿಡುವಂತಿಲ್ಲ. 1988ರಲ್ಲಿ ಗುಲ್ಜಾರ್ 'ಮಿರ್ಜಾ ಗಾಲಿಬ್' ಧಾರಾವಾಹಿ ಮಾಡಿದಾಗ ಗಾಲಿಬ್ ಆದವರು ನಾಸಿರುದ್ದೀನ್ ಶಾ. ಗಾಲಿಬ್‌ನ ಎದುರಾಳಿ, ಬಾದಶಹ ಜಫರನ ಉಸ್ತಾದ ಜೌಕ್ ಆದವರು ಶಫಿ. ಆಗ ನಮ್ಮ ಮನೆಗೂ ಟಿ.ವಿ. ಬಂದಿತ್ತು, ಕಪ್ಪು ಬಿಳುಪಿನದು. ದಾದಿ ಆ ಒಂದು ಧಾರಾವಾಹಿಗೆ ಮಾತ್ರ ಮುಖ ಈ ಕಡೆ ತಿರುಗಿಸಿ ಕೂತರು. ಜೌಕ್ ಬಂದಾಗ ಅಬ್ಬಾ, "ನೋಡು, ವರ್ಮಾ ಶಾಯರ್ ಆಗಿದ್ದಾನೆ" ಎಂದರು. ಅವರ ಬಾಯಲ್ಲಿ ಇನ್ನೂ ವರ್ಮಾನೇ. ಶಾಲೆಯಲ್ಲಿ ಜೌಕ್ ಎಂದರೆ ಗಾಲಿಬ್‌ಗಿಂತ ಕೆಳಗಿನವನು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಶಫಿಯ ಜೌಕ್‌ನನ್ನು ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ತನಗಿಂತ ದೊಡ್ಡವನೊಬ್ಬ ಅದೇ ಊರಿನಲ್ಲಿದ್ದಾನೆ ಎಂದು ಗೊತ್ತಿರುವ ಮನುಷ್ಯನ ಸಂಕಟ ಆ ಮುಖದಲ್ಲಿತ್ತು. ಬರೆಯುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಅವರ ಹೆಂಡತಿ ಮರಾಠಿ ರಂಗಭೂಮಿಯ ದೊಡ್ಡ ನಟಿ ಭಕ್ತಿ ಬರ್ವೆ. ಪು.ಲ. ದೇಶಪಾಂಡೆಯವರ 'ತೀ ಫುಲರಾಣಿ'ಯ ನಾಯಕಿ. ಮುಂಬೈ ದೂರದರ್ಶನದಲ್ಲಿ ಸುದ್ದಿಯನ್ನೂ ಓದುತ್ತಿದ್ದರು. ಮರಾಠಿ ಪತ್ರಿಕೆಗಳು ಅವರನ್ನು ಭಕ್ತಿ ಬರ್ವೆ-ಇನಾಂದಾರ್ ಎಂದು ಬರೆಯುತ್ತಿದ್ದವು. ಎರಡು ಮನೆತನಗಳ ನಡುವೆ ಒಂದು ಸಣ್ಣ ಗೆರೆ. ಇಂದು ಅಂಥ ಗೆರೆ ಎಳೆಯುವವರಿಗೆ ಸಮಾಜ ಏನೇನು ಹೆಸರಿಡುತ್ತದೆ ಎಂದು ನಿಮಗೂ ಗೊತ್ತು. ಎರಡೂ ಕಡೆಯವರು ಇಡುತ್ತಾರೆ. ನಮ್ಮ ದಾದಿ ಬದುಕಿದ್ದರೆ ರೇಣುವಿನ ನಿಕಾಹ್ ಬಗ್ಗೆ ಕೇಳಿದ ಹಾಗೆಯೇ ಇದರ ಬಗ್ಗೆಯೂ ಹತ್ತು ಪ್ರಶ್ನೆ ಕೇಳುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು.

1992ರ ಡಿಸೆಂಬರ್ ಬಂತು, ಹೋಯಿತು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಆದರೆ ಅಂಗಳದ ಗೋಡೆಯ ಮೇಲಿಂದ ಕೂಗುವುದು ಕಡಿಮೆಯಾಯಿತು. ಯಾರೂ ಜಗಳವಾಡಲಿಲ್ಲ. ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು, ಈದಿಗೆ ಶೀರ್‌ಖುರ್ಮಾ ಹೋಗುತ್ತಿತ್ತು. ತಟ್ಟೆ ಕೊಟ್ಟು ನಿಂತು ಮಾತನಾಡುವ ಹೊತ್ತು ಮಾತ್ರ ಮೊದಲಿನಷ್ಟಿರಲಿಲ್ಲ.

1996ರ ಮಾರ್ಚ್ 9ರಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಬೆಂಗಳೂರಿನಲ್ಲಿ ಭಾರತ, ಪಾಕಿಸ್ತಾನ. ಕಾಕಾನ ಮನೆಯಲ್ಲಿ ಕಲರ್ ಟಿ.ವಿ. ಇತ್ತು, ಅವರೇ ಕರೆದರು. ಅಬ್ಬಾ ಹೋದರು. ನಾಯಕ ಅಜರುದ್ದೀನ್, ಹೈದರಾಬಾದಿನ ಹುಡುಗ. ನಮ್ಮ ಕಡೆಯವರಿಗೆ ಅವನ ಮೇಲೆ ಮನೆಯ ಮಗನ ಹಾಗೆ ಪ್ರೀತಿ. ಸಿಧು 93 ಹೊಡೆದ, ಜಡೇಜಾ ಕೊನೆಯಲ್ಲಿ ವಕಾರ್‌ನನ್ನು ಚಚ್ಚಿದ, ವೆಂಕಟೇಶ ಪ್ರಸಾದ್ ಅಮೀರ್ ಸೊಹೈಲ್‌ನ ಸ್ಟಂಪ್ ಹಾರಿಸಿದ. ಭಾರತ 39 ರನ್ನಿಂದ ಗೆದ್ದಿತು. ಅಬ್ಬಾ ಚಪ್ಪಾಳೆ ತಟ್ಟುತ್ತಿದ್ದರಂತೆ. ಆಗ ಅಲ್ಲಿ ಬಂದು ಕೂತಿದ್ದ ಒಬ್ಬ ಹುಡುಗ, ಕಾಕಾನ ಕಡೆಯ ನೆಂಟ, ನಗುತ್ತಲೇ, "ಸಾಹೇಬ್ರಿಗೇನ್ರಿ, ಯಾರು ಗೆದ್ರೂ ಖುಷಿನ" ಎಂದನಂತೆ. ಕಾಕಾ ಅವನನ್ನು ಬೈದರಂತೆ. ಅಬ್ಬಾ ಏನೂ ಹೇಳಲಿಲ್ಲ. ಆಟ ಮುಗಿಯುವ ತನಕ ಕೂತಿದ್ದು, ಎದ್ದು ಕಾಕಾನಿಗೆ ಕೈ ಕೊಟ್ಟು ಮನೆಗೆ ಬಂದರು. ಮುಖ ಬೀರುವಿನ ಬಾಗಿಲು. ನನಗೆ ಆಗ 19 ವರ್ಷ, ಬಿ.ಎ. ಓದುತ್ತಿದ್ದೆ. ಏನಾಯಿತು ಎಂದು ಕೇಳಿದೆ. "ಕುಚ್ ನೈ. ಅಪನ್ ಜೀತೇ" ಎಂದರು.

13ರಂದು ಕಲ್ಕತ್ತೆಯಲ್ಲಿ ಶ್ರೀಲಂಕಾದ ಮೇಲೆ ಸೆಮಿಫೈನಲ್. ಕಾಕಾ ಗೋಡೆಯ ಮೇಲಿಂದ ಕರೆದರು. ಅಬ್ಬಾ ತಲೆನೋವು ಎಂದರು. ನಮ್ಮ ಕಪ್ಪು ಬಿಳುಪು ಟಿ.ವಿ.ಯ ಮುಂದೆ ನಾವಿಬ್ಬರೇ ಕೂತೆವು. 252 ಬೇಕಿತ್ತು. ಒಂದು ವಿಕೆಟ್ಟಿಗೆ 98 ಇತ್ತು. ಸಚಿನ್ 65ಕ್ಕೆ ಸ್ಟಂಪ್ ಆದ, ಅಜರ್ ಸೊನ್ನೆಗೆ ಹೋದ, ನೋಡುನೋಡುತ್ತ 120ಕ್ಕೆ ಎಂಟು. ಜನ ಬಾಟಲಿ ಎಸೆದರು, ಕುರ್ಚಿಗೆ ಬೆಂಕಿ ಇಟ್ಟರು. ಆಟ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಸಾರಿದರು. ಕಾಂಬ್ಳಿ ಅಳುತ್ತ ಹೊರಬಂದ. ಅಬ್ಬಾ ಟಿ.ವಿ. ಆರಿಸಿ ಕತ್ತಲಲ್ಲಿ ಬಹಳ ಹೊತ್ತು ಕೂತಿದ್ದರು.

ಆ ವಾರದಲ್ಲೇ ಒಂದು ಬೆಳಿಗ್ಗೆ ಕಾಕಾ ಬಂದರು. ಗೋಡೆಯ ಮೇಲಿಂದಲ್ಲ, ಬಾಗಿಲಿಗೆ ಬಂದರು. ಕೈಯಲ್ಲಿ ಕನ್ನಡ ಪತ್ರಿಕೆ. "ಸಾಹೇಬ್ರ, ನಮ್ಮ ವರ್ಮಾ ಹೋದ್ನಂತ್ರೀ" ಎಂದರು. ಅಬ್ಬಾ ಎದ್ದು ನಿಂತರು. "ಅದs ದಿನ, ಮ್ಯಾಚ್ ನೋಡ್ಕೋತ ಕುಂತಿದ್ನಂತ. ಹಾರ್ಟ್ ಅಟ್ಯಾಕು." ಶಫಿ ಇನಾಂದಾರರಿಗೆ ಆಗ 50 ವರ್ಷ. ಅದರ ಹಿಂದಿನ ವರ್ಷವಷ್ಟೇ ತಮ್ಮ ಮೊದಲ ಸಿನಿಮಾ 'ಹಮ್ ದೋನೋ' ನಿರ್ದೇಶಿಸಿದ್ದರು. ಅದೇ ಕೊನೆಯದೂ ಆಯಿತು. ಭಕ್ತಿ ಬರ್ವೆ ಐದು ವರ್ಷದ ನಂತರ, 2001ರ ಫೆಬ್ರವರಿಯಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಕಾಕಾ ನಮ್ಮ ಮನೆಯ ಮಂಚದ ಮೇಲೆ ಕೂತರು. ಅಮ್ಮಿ ಚಹಾ ತಂದರು. ಇಬ್ಬರೂ ವರ್ಮಾನ ಹಳೆಯ ಕಂತುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡರು. ಆ ಹುಡುಗ ಆಡಿದ ಮಾತಿನ ಬಗ್ಗೆ ಕಾಕಾ ಎತ್ತಲಿಲ್ಲ, ಅಬ್ಬಾನೂ ಎತ್ತಲಿಲ್ಲ. ಒಂದು ಹಂತದಲ್ಲಿ ಕಾಕಾ ಯಾವುದೋ ಸನ್ನಿವೇಶ ಹೇಳುತ್ತ ಹೇಳುತ್ತ ನಕ್ಕುಬಿಟ್ಟರು. ಅಬ್ಬಾನ ಭುಜ ಅಲುಗಿತು. ನಾನು ಒಳಗಿನಿಂದ ನೋಡುತ್ತಿದ್ದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಈ ಸಲ ಅದು ನಗುವಿನದೋ ಬೇರೆಯದೋ ನನಗೆ ತಿಳಿಯಲಿಲ್ಲ.

ಈಚೆಗೆ ಕೆಲವರು ಈ ಸಾವನ್ನು ವಾಟ್ಸಪ್ಪಿನಲ್ಲಿ ಕಳಿಸುವುದುಂಟು. ನೋಡಿ, ಭಾರತ ಸೋತಾಗ ಎದೆಯೊಡೆದು ಸತ್ತ ಮುಸ್ಲಿಮ್ ಎಂದು. ಕಳಿಸುವವರ ಉದ್ದೇಶ ಒಳ್ಳೆಯದೇ ಇರಬಹುದು. ನನಗೆ ಅದು ಸೇರುವುದಿಲ್ಲ. ಐವತ್ತು ವರ್ಷದ ಒಬ್ಬ ಮನುಷ್ಯ ಲಕ್ಷಾಂತರ ಜನರ ಹಾಗೆ ಕ್ರಿಕೆಟ್ ನೋಡುತ್ತಿದ್ದ, ಆ ಹೊತ್ತಿಗೆ ಅವನ ಗಳಿಗೆ ಬಂತು. ಹೃದಯಾಘಾತದಿಂದಲೂ ದೇಶಭಕ್ತಿಯ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕೆ? ಅಬ್ಬಾ ಅಂದು ಕತ್ತಲಲ್ಲಿ ಕೂತಿದ್ದಕ್ಕೆ ಸಾಕ್ಷಿ ನಾನೊಬ್ಬಳೇ. ಅದನ್ನು ಯಾರಿಗೂ ತೋರಿಸಬೇಕೆಂದು ಅವರು ಕೂತಿರಲಿಲ್ಲ.

ಕಥೆ ಬರೆಯಲು ಶುರು ಮಾಡಿದ ಮೇಲೆ ವರ್ಮಾ ನನಗೆ ಬೇರೆ ರೀತಿಯಲ್ಲಿ ಕಾಡಿದ್ದಾನೆ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಕಥೆ ಬರೆದಿದ್ದೆ. ಗಂಡ ಹೆಂಡತಿ, ಗ್ಯಾಸ್ ಸಿಲಿಂಡರ್ ಮುಗಿದ ದಿನ, ಊರಿಂದ ಬರುವ ಭಾವ, ಅವನು ಊಟಕ್ಕೆ ಕೂರುವುದರೊಳಗೆ ಎಲ್ಲಿಂದಲೋ ಬೆಂಕಿ ಹೊಂದಿಸಬೇಕಾದ ಪರದಾಟ. ಗಂಡನ ಹೆಸರು ಸಲೀಮ್, ಹೆಂಡತಿ ನಸೀಮಾ. ಬರೆಯುವಾಗ ನಾನೇ ನಕ್ಕಿದ್ದೆ. ಅದನ್ನು ಒಂದು ಪತ್ರಿಕೆಗೆ ಕಳಿಸಿದೆ. ಕಥೆ ಚೆನ್ನಾಗಿದೆ, ಆದರೆ ಸಮುದಾಯದ ಸಮಸ್ಯೆ ಇದರಲ್ಲಿ ಎಲ್ಲೂ ಬಂದಿಲ್ಲ ಎಂದು ವಾಪಸು ಬಂತು. ಸಿಲಿಂಡರ್ ಮುಗಿಯುವುದು ಯಾವ ಸಮುದಾಯದ ಸಮಸ್ಯೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಬುರ್ಖಾ, ತಲಾಖು, ಗಲಭೆ, ಇವುಗಳ ಮೇಲೆ ನಾನೂ ಬರೆದಿದ್ದೇನೆ, ಬರೆಯಬೇಕಾಗಿತ್ತು. ಅವು ಎಲ್ಲ ಪ್ರಕಟವಾಗಿವೆ. ನಗುವ ಸಲೀಮ್ ಮಾತ್ರ ಇನ್ನೂ ಕಪಾಟಿನಲ್ಲಿದ್ದಾನೆ. ಒಬ್ಬ ಗೆಳತಿ, "ಹೆಸರು ಸತೀಶ, ಸುಧಾ ಎಂದು ಬದಲಿಸಿ ಕಳಿಸು, ತಕ್ಷಣ ಹಾಕುತ್ತಾರೆ" ಎಂದಳು. ತಮಾಷೆಗೆ ಹೇಳಿದ್ದು.

ಆಗ ನನಗೆ ಶಫಿಯ ನೆನಪಾದದ್ದು. ಇಡೀ ದೇಶದ ಮನೆಯ ಗಂಡನಾಗಲು ಅವರು ವರ್ಮಾ ಆಗಬೇಕಾಯಿತು. ಫಾರೂಕ್ ಶೇಖ್ 2001ರಲ್ಲಿ 'ಜೀ ಮಂತ್ರೀಜಿ'ಯಲ್ಲಿ ನಗಿಸಿದಾಗ ಸೂರ್ಯಪ್ರಕಾಶ್ ಸಿಂಗ್ ಆಗಿದ್ದರು. ಇದು ದೂರಲ್ಲ. ನಟನಿಗೆ ಅದೇ ಕೆಲಸ, ಇನ್ನೊಬ್ಬನಾಗುವುದು. ಇಬ್ಬರೂ ಅದನ್ನು ಸಂತೋಷದಿಂದಲೇ ಮಾಡಿದರು, ಯಾರೂ ಅವರ ಹೆಸರು ಮುಚ್ಚಿಡಲಿಲ್ಲ, ಕೊನೆಯಲ್ಲಿ ಪರದೆಯ ಮೇಲೆ ಬರುತ್ತಿತ್ತು. ಓದುವ ತಾಳ್ಮೆ ನಮಗಿರಲಿಲ್ಲ ಅಷ್ಟೆ. ಆದರೆ ವರ್ಮಾ ಶಫಿಯಾದ ಹಾಗೆ, ಒಬ್ಬ ಶಾ ಅಥವಾ ಬೇಡಿ ನಮ್ಮ ಸಲೀಮ್ ಆಗಿ, ಮುಗಿದ ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವುದನ್ನು ನೋಡಿ ಕಾಕಾ, ಕಾಕು ನಗಬೇಕಿತ್ತು ಎಂದು ನನಗೆ ಆಸೆ. ಕಾಕು ಕಣ್ಣೊರೆಸಿಕೊಂಡು, "ನಮ್ಮ ಮನ್ಯಾಗ ಆದಂಗs ಆತು ನೋಡ್ರಿ" ಎನ್ನಬೇಕಿತ್ತು.

ಮಾಸ್ತರ್ ಕಾಕಾ ಹೋಗಿ ಈಗ ಎಂಟು ವರ್ಷವಾಯಿತು. ಕಾಕು ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಸತೀಶ್ ಶಾ ತೀರಿಕೊಂಡ ಸಂಜೆ ಅವರಿಗೆ ಫೋನು ಮಾಡಿದೆ. ಅವರಿಗೂ ಕಿವಿ ಕೇಳುವುದಿಲ್ಲ. ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ವರ್ಮಾನ ಮನಿಗೆ ಬರ್ತಿದ್ದ ಆ ಡುಮ್ಮ ಏನವಾ? ಅಯ್ಯ ಪಾಪ. ಅಣ್ಣಾರು ಅದಾರೇನ? ಕೊಡವ್ವಾ ಫೋನು" ಎಂದರು.

ಸ್ಪೀಕರ್ ಹಾಕಿ ಫೋನನ್ನು ಅಬ್ಬಾನ ಕೈಗೆ ಕೊಟ್ಟೆ. ಮಗಳೂ ಬಂದು ಪಕ್ಕದಲ್ಲಿ ಕೂತಳು. ಅಬ್ಬಾ ಫೋನನ್ನು ಬಾಯಿಯ ಹತ್ತಿರ ಹಿಡಿದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಹ್ಯಾಂಗಿದ್ದೀರಿ ಅಕ್ಕಾ?"

"ಹಾಂ, ವರ್ಮಾ, ವರ್ಮಾ. ಭಾಳ ಛಲೋ ಮಾಡ್ತಿದ್ದ."

"ವರ್ಮಾ ಅಲ್ರೀ ಅಕ್ಕಾ, ಶಫಿ!"

"ಏನಂದ್ರಿ?"

"ಶಫಿ! ಶಫಿ!"

"ಕಾಫಿ ಬಿಟ್ಟೀನ್ರೀ ಅಣ್ಣಾರ," ಎಂದರು ಕಾಕು. "ಡಾಕ್ಟರು ಬ್ಯಾಡಂದಾರ."

ಅಬ್ಬಾ ಒಂದು ಉಸಿರಿನಷ್ಟು ಸುಮ್ಮನೆ ಫೋನನ್ನು ನೋಡಿದರು. ಆಮೇಲೆ ಅವರ ಭುಜ ಅಲುಗಲು ಶುರುವಾಯಿತು.